ಹತ್ತಿ ಬೀಜದ ಒಳಗಿನ ಬದು

ಇಟ್ಟಿಗಿ ಕಡೆಯ ಹತ್ತಿ ರೈತರಿಗೆ ಒಂದು ಪ್ರಶ್ನೆ. ಅಂಗೈ ಮೇಲೆ ಎರಡು ಬೀಜ, ಎರಡೂ ಬಿಟಿ, ಅಂದರೆ ಹುಳ ತಡೆಯುವ ಜೀನ್ ಸೇರಿಸಿದ್ದು. ಯಾವುದು ಯಾರದು? ಕಣ್ಣಿಗೆ ತಿಳಿಯಲ್ಲ. ಡಿಎನ್‌ಎ ಹೇಳುತ್ತೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯ, ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಸೇರಿ 'ಬಿಕಾನೇರಿ ನರ್ಮಾ' ಬಿಟಿ ಹತ್ತಿ ತಂದಿದ್ದವು. ಸರ್ಕಾರಿ ತಳಿ. ಹೈಬ್ರಿಡ್ ಅಲ್ಲ, ಬೀಜ ಎತ್ತಿಟ್ಟು ಮರುವರ್ಷ ಬಿತ್ತಬಹುದಿತ್ತು. 2008ರಲ್ಲಿ ಅನುಮತಿ, 2009ರಲ್ಲಿ ಹೊಲಕ್ಕೆ. ಆಮೇಲೆ ನೋಡಿದರೆ ಅದರೊಳಗೆ ಮಾನ್ಸಾಂಟೊ ಕಂಪನಿಯ ಜೀನ್ ಜೋಡಣೆ 'ಮಾನ್ 531' ಸಿಕ್ಕಿಬಿಡ್ತು! ಬೀಜ ಮಾರಾಟ ನಿಂತಿತು, ವಿಜ್ಞಾನಿ ಸೋಪೋರಿ ನೇತೃತ್ವದ ಸಮಿತಿ ತನಿಖೆಗೆ ಕೂತಿತು.

ಇಂಥದ್ದನ್ನು ಹಿಡಿಯೋದು ಹೇಗೆ? ಸೇರಿಸಿದ ಜೀನ್ ಒಂದೇ ಇರಬಹುದು. ಆದರೆ ಗಿಡದ ಡಿಎನ್‌ಎಯಲ್ಲಿ ಅದು ಕೂತ ಜಾಗ ಬೇರೆ ಬೇರೆ. ಹೊಸ ಜೀನ್ ಮುಗಿದು ಗಿಡದ ಸ್ವಂತದ್ದು ಶುರುವಾಗುವ ಗಡಿಯೇ ಗುರುತು, ಹೊಲಕ್ಕೆ ಬದು ಇದ್ದ ಹಾಗೆ. ಪಿಸಿಆರ್ ಯಂತ್ರ ಆ ಬದುವಿನ ತುಣುಕನ್ನೇ ಹಿಡಿದು ಒಂದನ್ನು ಎರಡು, ಎರಡನ್ನು ನಾಲ್ಕು ಮಾಡುತ್ತಾ ಹೋಗುತ್ತೆ. ಲೆಕ್ಕದ ಪ್ರಕಾರ 30 ಸುತ್ತಿಗೆ ನೂರು ಕೋಟಿ ದಾಟುತ್ತೆ! ಆ ಬದುವೇ ಇಲ್ಲದಿದ್ದರೆ ನಕಲೂ ಇಲ್ಲ.

ಆದರೆ ಪಿಸಿಆರ್ ಹೇಳೋದು ಬೀಜದೊಳಗಿನ ಜೀನ್ ಜೋಡಣೆ ಯಾವುದು ಅಂತ, ಸುರಕ್ಷಿತವಾ ಅಂತಲ್ಲ. ಸುರಕ್ಷತೆ ತಿಳಿಯೋಕೆ ಜೀನಿನ ಎಷ್ಟು ಪ್ರತಿ ಕೂತಿವೆ, ಹೊಸ ಪ್ರೋಟೀನ್ ಎಲೆಯಲ್ಲೆಷ್ಟು, ಕಾಳಿನಲ್ಲೆಷ್ಟು, ಜಠರರಸದಲ್ಲಿ ಎಷ್ಟು ಬೇಗ ಕರಗುತ್ತೆ, ಅಲರ್ಜಿ ತರುವ ಪ್ರೋಟೀನನ್ನು ಹೋಲುತ್ತಾ, ಇಷ್ಟೂ ನೋಡಬೇಕು. ಹತ್ತಿ ಉಡೋದಕ್ಕಷ್ಟೇ ಅಂತೀರಾ? ಹತ್ತಿಕಾಳು ನಮ್ಮ ಎಮ್ಮೆ ತಿನ್ನುತ್ತಲ್ಲ!