ಆಡಳಿತ ನಿರ್ವಹಣೆಯ ವಿದ್ಯೆಯು ನಮ್ಮ ಹುಡುಗಿಯರಿಗೆ ತಕ್ಕುದೇ?

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿಯವರು ನಮ್ಮನ್ನು ಕಾಣಬಂದರು. ಮಗಳು ಬಿ.ಕಾಂ. ಪರೀಕ್ಷೆಯಲ್ಲಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾಗಿ, ಎಂ.ಬಿ.ಎ. ಓದಬೇಕೆಂದು ಹಟ ಹಿಡಿದಿದ್ದಳು. "ಇವಳ ತಂದೆ ಅಂಗಡಿಯಲ್ಲಿ ಕೂತೇ ವ್ಯಾಪಾರ ಕಲಿತರು, ಟೀಚರಮ್ಮ. ಅದಕ್ಕೂ ಒಂದು ಶಾಲೆ ಬೇಕೇ? ಅದಕ್ಕಾಗಿ ಇರುವ ಮನೆಯನ್ನು ಅಡವಿಡಬೇಕೇ?" ಎಂದು ಅವರು ಕೇಳಿದರು. ಆ ದಿನ ನಾವು ಕೊಟ್ಟ ಉತ್ತರವು ನಮಗೇ ತೃಪ್ತಿಕರವಾಗಿರಲಿಲ್ಲ. ಇದೇ ಪ್ರಶ್ನೆಯು ಇನ್ನೂ ಅನೇಕ ತಾಯ್ತಂದೆಗಳ ಮನಸ್ಸಿನಲ್ಲಿರಬಹುದಾದಕಾರಣ, ಆ ಬಳಿಕ ನಾವು ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಅರಿಕೆಮಾಡುವೆವು.

ಮೊದಲು ಈ ವಿದ್ಯೆ ಏನೆಂಬದನ್ನು ನೋಡೋಣ. ಕೊಂಡು ಮಾರುವ ಜಾಣ್ಮೆಯೊಂದೇ ಇದರ ವಿಷಯವಲ್ಲ. ಹಣ, ಸರಕು, ವೇಳೆ, ಎಲ್ಲಕ್ಕಿಂತ ಮಿಗಿಲಾಗಿ ಜನರು, ಇವನ್ನು ಒಂದು ಉದ್ದೇಶಕ್ಕಾಗಿ ಕೂಡಿಸಿ ನಡಿಸುವ ಕ್ರಮವೇ ಇದರ ತಿರುಳು. ಅಮೇರಿಕದ ಫಿಲಡೆಲ್ಫಿಯದಲ್ಲಿ ವಾರ್ಟನ್ ಶಾಲೆಯು 1881ನೆಯ ಇಸವಿಯಲ್ಲಿ ಸ್ಥಾಪನೆಯಾಯಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯವು 1908ರಲ್ಲಿ ಪದವೀಧರರಿಗೋಸ್ಕರ ಎಂ.ಬಿ.ಎ. ಎಂಬ ಎರಡು ವರ್ಷಗಳ ವ್ಯಾಸಂಗವನ್ನು ಆರಂಭಿಸಿತು. ನಮ್ಮ ದೇಶದಲ್ಲಿ ಸರಕಾರವು 1961ರಲ್ಲಿ ಕಲ್ಕತ್ತೆಯಲ್ಲಿಯೂ ಅಹಮದಾಬಾದಿನಲ್ಲಿಯೂ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಎಂಬ ಸಂಸ್ಥೆಗಳನ್ನು ಕಟ್ಟಿತು. ಬೆಂಗಳೂರಿನ ಸಂಸ್ಥೆಯು 1973ರಲ್ಲಿ ಹುಟ್ಟಿತು. ಬನ್ನೇರುಘಟ್ಟದ ರಸ್ತೆಯಲ್ಲಿ, ಬಾಲಕೃಷ್ಣ ದೋಶಿಯವರು ಯೋಜಿಸಿದ ಅದರ ಕಲ್ಲಿನ ಕಟ್ಟಡಗಳನ್ನು ನಮ್ಮಲ್ಲಿ ಕೆಲವರು ಕಂಡಿರಬಹುದು. ಈ ಸಂಸ್ಥೆಗಳು ಬಹುಕಾಲ ಡಿಪ್ಲೊಮಾವನ್ನೇ ಕೊಡುತ್ತಿದ್ದವು. 2017ನೆಯ ಇಸವಿಯ ಕಾಯಿದೆಯಿಂದ ಪದವಿಯನ್ನೇ ಕೊಡುವ ಅಧಿಕಾರವು ಅವುಗಳಿಗೆ ದೊರೆಯಿತು.

ಮೊದಲನೆಯ ವರ್ಷದಲ್ಲಿ ಲೆಕ್ಕಪತ್ರ, ಹಣಕಾಸು, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಮಾರಾಟದ ಶಾಸ್ತ್ರ, ಉತ್ಪಾದನೆ, ಕೆಲಸಗಾರರ ಮನೋಧರ್ಮ ಮುಂತಾದವುಗಳನ್ನು ಎಲ್ಲರೂ ಓದತಕ್ಕದ್ದು. ನಡುವಿನ ಬೇಸಗೆಯಲ್ಲಿ ಯಾವದಾದರೊಂದು ಕಂಪೆನಿಯಲ್ಲಿ ಕೆಲಸಮಾಡಿ ಅನುಭವ ಪಡೆಯುವರು. ಎರಡನೆಯ ವರ್ಷದಲ್ಲಿ ತಮಗೆ ಬೇಕಾದ ವಿಷಯಗಳನ್ನು ಹೆಚ್ಚಾಗಿ ಆರಿಸಿಕೊಳ್ಳುವರು.

ಪಾಠ ಹೇಳುವ ರೀತಿಯು ಉಪಾಧ್ಯಾಯಿನಿಯರಾದ ನಮಗೆ ವಿಶೇಷವಾಗಿ ತೋರಿತು. ನ್ಯಾಯಶಾಸ್ತ್ರದ ಶಾಲೆಯಲ್ಲಿ ಹಳೆಯ ಮೊಕದ್ದಮೆಗಳನ್ನು ಚರ್ಚಿಸಿ ಕಲಿಸುವ ಪದ್ಧತಿಯಿತ್ತು. ಹಾರ್ವರ್ಡಿನವರು ಅದನ್ನು 1920ರ ಸುಮಾರಿಗೆ ವ್ಯವಹಾರದ ಪಾಠಕ್ಕೆ ಅಳವಡಿಸಿಕೊಂಡರು. ಹಾರ್ವರ್ಡಿನ ಸಹಕಾರದಿಂದ ಬೆಳೆದ ಅಹಮದಾಬಾದಿನ ಸಂಸ್ಥೆಯೂ ಇದನ್ನೇ ಹಿಡಿಯಿತು. ಇದನ್ನು ನಮ್ಮ ವಿದ್ಯಾರ್ಥಿನಿಲಯದ ಒಂದು ದೃಷ್ಟಾಂತದಿಂದ ವಿವರಿಸುವೆವು. ನಿಲಯದಲ್ಲಿ 80 ಹುಡುಗಿಯರಿರುವರು ಎನ್ನೋಣ. ವರ್ಷದ ಶುಲ್ಕವನ್ನು ಜೂನ್ ತಿಂಗಳಲ್ಲಿಯೇ ತೆಗೆದುಕೊಂಡದ್ದಾಯಿತು. ಸೆಪ್ಟೆಂಬರಿನಲ್ಲಿ ಅಕ್ಕಿಯ ಬೆಲೆ ಏರಿತು. ಬೇಳೆಯ ವರ್ತಕನಿಗೆ ಮೂರು ತಿಂಗಳ ಬಾಕಿಯಿದೆ. ಅಡಿಗೆಯವಳು ಸಂಬಳ ಹೆಚ್ಚಿಸದಿದ್ದರೆ ಬಿಟ್ಟುಹೋಗುವೆನೆನ್ನುತ್ತಾಳೆ. ನಾಳೆ ಬೆಳಿಗ್ಗೆ ವಾರ್ಡನ್ನರು ಏನು ಮಾಡತಕ್ಕದ್ದು? ಕಟ್ಟಡದ ನಿಧಿಯಿಂದ ತೆಗೆಯಬೇಕೆಂದು ಒಬ್ಬಳು ಹೇಳುವಳು. ಹಾಗೆ ಮಾಡಿದರೆ ದಾನಿಗಳ ನಂಬಿಕೆ ಕೆಡುವದೆಂದು ಇನ್ನೊಬ್ಬಳು ಎದುರಾಡುವಳು. ದಿನವೂ ಎಂಜಲಾಗಿ ಹೋಗುವ ಅನ್ನವನ್ನು ಯಾರಾದರೂ ತೂಗಿ ನೋಡಿದ್ದೀರಾ ಎಂದು ಮೂರನೆಯವಳು ಕೇಳುವಳು. ಅಧ್ಯಾಪಕರು ಉತ್ತರವನ್ನು ಹೇಳಿಕೊಡುವದಿಲ್ಲ. ಪ್ರಶ್ನೆಗಳಿಂದಲೇ ತರಗತಿಯನ್ನು ನಡಿಸುವರು. ಬಾಯಿಪಾಠವು ಅಲ್ಲಿ ಸಾಗದು. ಅಂಗಡಿಯಲ್ಲಿ ಕುಳಿತವನು ಒಂದೇ ಅಂಗಡಿಯ ಕಷ್ಟಗಳನ್ನು ಇಪ್ಪತ್ತು ವರ್ಷಗಳಲ್ಲಿ ಕಲಿಯುವನು. ಇಲ್ಲಿ ಓದುವವಳು ನೂರಾರು ಅಂಗಡಿಗಳ ಕಷ್ಟಗಳನ್ನು ಎರಡು ವರ್ಷಗಳಲ್ಲಿ ಕಾಣುವಳು. ಆದರೂ ಸ್ವಂತ ಹಣ ಕಳೆದುಕೊಂಡು ಕಲಿಯುವ ಪಾಠವನ್ನು ಯಾವ ಶಾಲೆಯೂ ಕಲಿಸಲಾರದು. ಆ ತಾಯಿಯವರ ಮಾತಿನಲ್ಲಿ ಅಷ್ಟು ಸತ್ಯವುಂಟು.

ಇದು ಗಂಡಸರ ವಿದ್ಯೆಯೆಂದು ಹೇಳುವವರಿಗೆ ಒಂದು ಮಾತು. ಹಾರ್ವರ್ಡಿನ ಎರಡು ವರ್ಷಗಳ ಪೂರ್ಣ ವ್ಯಾಸಂಗಕ್ಕೆ ಸ್ತ್ರೀಯರನ್ನು ಮೊದಲನೆಯ ವರ್ಷದಿಂದಲೇ ಸೇರಿಸಿಕೊಂಡದ್ದು 1963ರಲ್ಲಿ, ಅಂದರೆ ಶಾಲೆ ಹುಟ್ಟಿ 55 ವರ್ಷಗಳಾದ ಮೇಲೆ. ಆಗ ಸೇರಿದವರು ಎಂಟೇ ಮಂದಿ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದ ಇಂದ್ರಾ ನೂಯಿಯವರು ಕಲ್ಕತ್ತೆಯ ಸಂಸ್ಥೆಯಲ್ಲಿ 1976ರಲ್ಲಿಯೂ ಅಮೇರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ 1980ರಲ್ಲಿಯೂ ಈ ವ್ಯಾಸಂಗವನ್ನು ಮುಗಿಸಿ, 2006ರಿಂದ 2018ರ ವರೆಗೆ ಪೆಪ್ಸಿಕೋ ಕಂಪೆನಿಯ ಮುಖ್ಯಾಧಿಕಾರಿಣಿಯಾಗಿದ್ದರು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ ಗಣಿತದಲ್ಲಿ ಬಲು ಚುರುಕಾಗಿದ್ದ ಹುಡುಗಿಯೊಬ್ಬಳು ಇದೇ ವ್ಯಾಸಂಗದ ವಿಷಯವಾಗಿ ನಮ್ಮ ಸಲಹೆ ಕೇಳಿದಳು. ಉಪಾಧ್ಯಾಯಿನಿಯ ತರಬೇತಿಯೇ ಹೆಣ್ಣುಮಕ್ಕಳಿಗೆ ಕ್ಷೇಮವೆಂದು ನಾವು ಹೇಳಿದೆವು. ಅವಳು ನಮ್ಮ ಮಾತು ಕೇಳಿದಳು. ಇಂದು ಒಳ್ಳೆಯ ಉಪಾಧ್ಯಾಯಿನಿಯಾಗಿರುವಳು. ನಮ್ಮನ್ನು ಎಂದೂ ದೂರಲಿಲ್ಲ. ಆದರೆ ಅಂದು ನಾವು ಅಳೆದದ್ದು ಅವಳ ಶಕ್ತಿಯನ್ನಲ್ಲ, ನಮ್ಮ ತಿಳುವಳಿಕೆಯ ಎಲ್ಲೆಯನ್ನು. ಆಮೇಲೆ ಆ ಸಂಗತಿಯು ನಮ್ಮನ್ನು ಅನೇಕ ಸಾರಿ ಚುಚ್ಚಿದೆ.

ಹಾಗೆಂದು ಎಲ್ಲರನ್ನೂ ಈ ದಾರಿಗೆ ತಳ್ಳಲು ನಮಗೆ ಮನಸ್ಸಿಲ್ಲ. ಬೆಂಗಳೂರು, ಅಹಮದಾಬಾದಿನಂಥ ಸಂಸ್ಥೆಗಳಲ್ಲಿ ಎರಡು ವರ್ಷಗಳ ಶುಲ್ಕವು 20 ಲಕ್ಷ ರೂಪಾಯಿಗಳಿಗೆ ಮೀರಿದೆ. ಬಡವರಿಗೆ ಸಹಾಯಧನವುಂಟು, ಇಂಥ ಸಂಸ್ಥೆಗಳಲ್ಲಿ ಸ್ಥಳ ದೊರೆತವರಿಗೆ ಆಸ್ತಿಯ ಅಡವಿಲ್ಲದೆ ಸಾಲ ಕೊಡುವ ಬ್ಯಾಂಕುಗಳೂ ಉಂಟು. ಆದರೆ ಸಾಲವು ಸಾಲವೇ. ಅದು ತೀರುವ ವರೆಗೆ ಇಷ್ಟವಾದ ಕೆಲಸಕ್ಕಿಂತ ಹೆಚ್ಚು ಸಂಬಳದ ಕೆಲಸವನ್ನೇ ಹಿಡಿಯಬೇಕಾದೀತು.

ಎಂ.ಬಿ.ಎ. ಎಂಬ ಹಲಗೆಯನ್ನು ತೂಗುಹಾಕಿದ ಶಾಲೆಗಳೆಲ್ಲವೂ ಒಂದೇ ತರದವಲ್ಲ. ಸರಾಸರಿ ಸಂಬಳದ ಜಾಹೀರಾತನ್ನು ನೋಡಿ ಮರುಳಾಗಬಾರದು. ಐವರಲ್ಲಿ ನಾಲ್ವರಿಗೆ ತಿಂಗಳಿಗೆ 30,000 ರೂಪಾಯಿ, ಒಬ್ಬಳಿಗೆ 3,80,000 ರೂಪಾಯಿ ದೊರೆತರೆ ಸರಾಸರಿಯು 1,00,000 ಆಗುವದು. ಆ ನಾಲ್ವರಿಗೆ ಅದರಿಂದೇನು ಬಂತು? ಆದಕಾರಣ ಸಾಲಾಗಿ ನಿಲ್ಲಿಸಿದರೆ ನಡುವಿನವಳಿಗೆ ಎಷ್ಟು ದೊರೆಯಿತು, ಎಷ್ಟು ಮಂದಿಗೆ ಕೆಲಸವೇ ದೊರೆಯಲಿಲ್ಲ ಎಂದು ಕೇಳಬೇಕು.

ಪ್ರವೇಶಕ್ಕೆ ಸಾಮಾನ್ಯವಾಗಿ ಪದವಿಯಲ್ಲಿ ನೂರಕ್ಕೆ 50 ಅಂಕಗಳಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೂ ಅಂಗವಿಕಲರಿಗೂ 45 ಸಾಕು. ಬಳಿಕ ಕ್ಯಾಟ್ ಎಂಬ ಪರೀಕ್ಷೆ. ಅದರಲ್ಲಿ ಇಂಗ್ಲಿಷ್ ಓದಿ ಗ್ರಹಿಸುವ ಶಕ್ತಿ, ಅಂಕಿಗಳಿಂದ ತರ್ಕಿಸುವ ಶಕ್ತಿ, ಗಣಿತ ಎಂಬ ಮೂರು ಭಾಗಗಳು. ಅದನ್ನು ದಾಟಿದವರಿಗೆ ಸಂದರ್ಶನ. ಹಿಂದಿನ ಪರೀಕ್ಷೆಗಳ ಅಂಕಗಳನ್ನೂ ಕೆಲಸದ ಅನುಭವವನ್ನೂ ಅನೇಕ ಸಂಸ್ಥೆಗಳು ಲೆಕ್ಕಿಸುವವು. ಆದಕಾರಣ ಗಣಿತವನ್ನು ಕಂಡು ಹೆದರುವ ನಮ್ಮ ಎಂಟನೆಯ ತರಗತಿಯ ಹುಡುಗಿಯು ಅರಿಯದೆಯೇ ಒಂದು ಬಾಗಿಲನ್ನು ಮುಚ್ಚಿಕೊಳ್ಳುತ್ತಿರುವಳು. ಅದನ್ನು ತೆರೆದಿಡುವದು ನಮ್ಮ ಕರ್ತವ್ಯ, ನಿಮ್ಮದೂ ಹೌದು.

ಆ ತಾಯಿಯವರಿಗೆ ನಾವು ಪುನಃ ಬರೆದೆವು: ಮನೆಯನ್ನು ಅಡವಿಡಬೇಡಿರಿ, ಮಗಳು ಎರಡು ವರ್ಷ ಎಲ್ಲಿಯಾದರೂ ಕೆಲಸಮಾಡಲಿ, ಜೊತೆಗೆ ಪರೀಕ್ಷೆಗೂ ಓದಲಿ, ಒಳ್ಳೆಯ ಸಂಸ್ಥೆಯಲ್ಲಿ ಸ್ಥಳ ದೊರೆತರೆ ಮಾತ್ರ ಹೋಗಲಿ, ದೊರೆತಾಗ ಮದುವೆಯ ನೆವದಿಂದ ತಡೆಯಬೇಡಿರಿ. ಅವರು ಇನ್ನೂ ಮನಸ್ಸು ಮಾಡಿಲ್ಲ. ಮಗಳು ಮಾತ್ರ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಸಾಯಂಕಾಲಗಳಲ್ಲಿ ನಮ್ಮ ಗಣಿತದ ಉಪಾಧ್ಯಾಯಿನಿಯವರ ಬಳಿ ಪಾಠಕ್ಕೆ ಬರುತ್ತಿರುವಳು.

ಈ ದಾರಿಯಲ್ಲಿ ಮುಂದೆ ನಡೆದ ಹಳೆಯ ವಿದ್ಯಾರ್ಥಿನಿಯರು ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಶಾಲೆಗೆ ಒಂದು ಕಾಗದ ಬರೆಯಿರಿ. ನಿಮ್ಮ ಅನುಭವದ ನಾಲ್ಕು ಮಾತುಗಳು ನಮ್ಮ ಈ ಲೇಖನಕ್ಕಿಂತ ಅವಳಿಗೆ ಹೆಚ್ಚು ಉಪಯೋಗವಾಗುವವು.