ಮೂರನೇ ಹಾಡಿಗೇ ಹೊಗೆ!

ಹೊನ್ನಾವರ ತಾಲೂಕಿನಲ್ಲಿ ಹುಟ್ಟಿದ ಶಂಕರ್‌ನಾಗ್ 1981ರಲ್ಲಿ ‘ಗೀತಾ’ ಚಿತ್ರ ನಿರ್ದೇಶಿಸಿ ತಾನೇ ನಾಯಕನಾದದ್ದು, ಅದಕ್ಕೆ ಇಳಯರಾಜಾ ಸಂಗೀತ ಕೊಟ್ಟದ್ದು ಅಭಿಮಾನಿಗಳಿಗೆ ಹೇಳಬೇಕಿಲ್ಲ. ನಮ್ಮ ಕಡೆಯ ರಸಮಂಜರಿಗಳಲ್ಲಿ ಆ ಹಾಡು ಬಂತೆಂದರೆ ಈಗಲೂ ಸಿಳ್ಳೆ! ಆದರೆ ಪರದೆಯ ಮೇಲೆ ವೈರು ಕಾಣುವುದಿಲ್ಲ. ವೇದಿಕೆಯ ಮೇಲೆ ಎಲ್ಲ ವೈರಿನದೇ ಆಟ.

ಕುಮಟಾದ ಒಂದು ರಾತ್ರಿ. ಪಿಯುಸಿ ಬಿಟ್ಟ ನನಗೆ ಬರೆಯುವುದರ ಜೊತೆ ವೈರು ಎಳೆಯುವ ಹುಚ್ಚು ಬೇರೆ. ಗಿಟಾರಿನ ಗೆಳೆಯನದು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಅವನ ಅಣ್ಣ ದುಬೈಯಿಂದ ತಂದುಕೊಟ್ಟದ್ದು. ಹಿಂಬದಿಯಲ್ಲಿ ‘ಕನಿಷ್ಠ 4 ಓಂ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಓದಿದವರಾರು? 8 ಓಂನ ಎರಡು ಬಾಕ್ಸ್ ಹಾಡುತ್ತಿದ್ದವು. ‘ಸೌಂಡ್ ಸಾಲ!’ ಎಂದು ಹಿಂದಿನವರು ಕೂಗಿದರು. ನಾನು ಹೀರೋ ಆದೆ. ಇನ್ನೆರಡು ಬಾಕ್ಸ್ ಪ್ಯಾರಲಲ್ಲಾಗಿ ಸಿಕ್ಕಿಸಿದೆ. ಮೂರನೇ ಹಾಡಿಗೆ ಸುಟ್ಟ ವಾಸನೆ... ಹೊಗೆ... ಮೌನ. ಗೆಳೆಯ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು!

ಭಟ್ಕಳದ ರಿಪೇರಿ ಅಂಗಡಿಗೆ ಹೊತ್ತೊಯ್ದೆ. ಹಿರಿಯರು ಮುಚ್ಚಳ ಬಿಚ್ಚಿ ನೋಡಿದರು.

‘ಎಷ್ಟು ಬಾಕ್ಸ್ ಹಾಕಿದ್ದೆ ತಮಾ?’

‘ನಾಲ್ಕು, ಸಾಯ್ಬರೇ.’

‘ಟಾಕೀಸಿಗೆ ನಾಲ್ಕು ಬಾಗಿಲು ತೆಗೆದು, ಟಿಕೆಟ್ ಹರಿಯೂಕೆ ಒಬ್ಬನೇ ನಿಂತ್ರೆ ಅವ ಬದುಕ್ತನಾ?’

ಆಮೇಲೆ ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. 8 ಓಂನ ಎರಡು ಬಾಕ್ಸ್ ಪ್ಯಾರಲಲ್ಲಾದರೆ 4, ನಾಲ್ಕಾದರೆ 2. ಓಂ ಇಳಿದಷ್ಟೂ ಕರೆಂಟು ಹೆಚ್ಚು ಹರಿದು ಟ್ರಾನ್ಸಿಸ್ಟರ್ ಕಾಯುತ್ತದೆ. ನಾಲ್ಕೂ ಬೇಕೇ ಬೇಕಿದ್ದರೆ ಎರಡೆರಡನ್ನು ಸೀರೀಸ್ ಮಾಡಿ 16 ಓಂನ ಎರಡು ಜೋಡಿ ಕಟ್ಟಿ, ಆ ಜೋಡಿಗಳನ್ನು ಪ್ಯಾರಲಲ್ ಮಾಡಬೇಕು. ಮತ್ತೆ 8ಕ್ಕೇ ಬಂತು! ಓಂ ಹೆಚ್ಚಾದರೆ ಟ್ರಾನ್ಸಿಸ್ಟರ್ ಸೆಟ್ಟಿಗೆ ಭಯವಿಲ್ಲ. ವ್ಯಾಟ್ ಕಡಿಮೆಯಾಗುತ್ತದೆ, ಅಷ್ಟೆ. ವ್ಯಾಟ್ ಅರ್ಧವಾದರೂ ಸೌಂಡು ಅರ್ಧವಾಗುವುದಿಲ್ಲ, ಬರೀ 3 ಡೆಸಿಬೆಲ್ ಇಳಿಯುತ್ತದೆ. ಅಷ್ಟಕ್ಕಾಗಿ ನಾನು ಅಷ್ಟೆಲ್ಲ ಮಾಡಿದ್ದೆ!

ವಾಲ್ವ್ ಸೆಟ್ಟಿನ ಕಥೆ ಬೇರೆ. ಅಲ್ಲಿ 4, 8, 16 ಓಂ ತೂತುಗಳಿದ್ದರೆ ಬಾಕ್ಸಿಗೆ ಸರಿಯಾದದ್ದಕ್ಕೇ ಸಿಕ್ಕಿಸಬೇಕು. ಸ್ಪೀಕರ್ ಇಲ್ಲದೆ ಬಾರಿಸಿದರಂತೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೇ ಸಂಚಕಾರ. ಇನ್ನೊಂದು ಮಾತು: ಮೀಟರ್ ಹಿಡಿದಾಗ 8 ಓಂ ಸ್ಪೀಕರ್ ಸುಮಾರು 6 ತೋರಿಸುತ್ತದೆ. ಹಾಳಾಗಿದೆ ಎಂದು ಎಸೆಯಬೇಡಿ, ಮೀಟರ್ ಅಳೆಯುವುದು ತಂತಿಯ ಡಿಸಿ ತಡೆಯನ್ನು ಮಾತ್ರ. ಗಿಟಾರಿನ ತೆಳು ಕೇಬಲ್ಲನ್ನು ಸ್ಪೀಕರಿಗೆ ಹಾಕುವ ಮಹನೀಯರೂ ಇದ್ದಾರೆ, ಅದೂ ಕಾಯುತ್ತದೆ.

ರಿಪೇರಿಯ ದುಡ್ಡು ನಾಲ್ಕು ಕಂತಿನಲ್ಲಿ ತೀರಿಸಿದೆ. ಗೆಳೆಯ ಮಾತಾಡಿದ್ದು ಮೂರನೇ ಕಂತಿನ ನಂತರ.

ಮೊನ್ನೆ ಹೊನ್ನಾವರದಲ್ಲಿ ಅವನದೇ ಕಾರ್ಯಕ್ರಮ. ಎರಡೇ ಬಾಕ್ಸ್. ಅವನು ಒಂದೊಂದನ್ನೂ ತಿರುಗಿಸಿ ಹಿಂಬದಿ ಓದಿದ, ನನ್ನ ಕಡೆ ನೋಡಿ ನಕ್ಕ. ಎರಡನೇ ಹಾಡಿಗೆ ಹಿಂದಿನಿಂದ ಯಾರೋ, ‘ಸೌಂಡ್ ಸಾಲ!’

ನಾನು ಕೇಳಿಸದವನ ಹಾಗೆ ಬೀಡಾ ಜಗಿಯುತ್ತಾ ನಿಂತೆ.