ಡಿವಿಡಿ ರೆಕಾರ್ಡರ್: ಟೇಪಿನ ಚಿತ್ರ ತಟ್ಟೆಗೆ ಇಳಿಯುವ ಬಗೆ

ಬಳ್ಳಾರಿ ನಗರದಲ್ಲಾಗಲಿ, ಸಿರುಗುಪ್ಪ ಇಲ್ಲವೆ ಕುರುಗೋಡಿನಲ್ಲಾಗಲಿ, ಇಪ್ಪತ್ತೈದು ಮೂವತ್ತು ವರ್ಷಗಳ ಹಿಂದೆ ಮದುವೆ ನಡೆದ ಮನೆಯ ಬೀರುವಿನಲ್ಲಿ ಒಂದಾದರೂ ವಿಎಚ್‌ಎಸ್ ಕ್ಯಾಸೆಟ್ಟು ಸಿಗುವ ಸಂಭವ ಹೆಚ್ಚು. ಮದುವೆಯದೇ ಆಗಬೇಕಿಲ್ಲ. ಕುರುಗೋಡಿನ ದೊಡ್ಡಬಸವೇಶ್ವರನ ತೇರು, ಹಳ್ಳಿಯ ದೊಡ್ಡಾಟ, ಶಾಲೆಯ ವಾರ್ಷಿಕೋತ್ಸವ, ಹೀಗೆ ಏನಾದರೂ ಇರಬಹುದು. ಅನೇಕ ವೇಳೆ ಇವಕ್ಕೆ ಎರಡನೆಯ ಪ್ರತಿ ಇರುವುದಿಲ್ಲ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆಯನ್ನು ಕೈಬಿಟ್ಟಿತು. ಹಾಗಾಗಿ ಕ್ಯಾಸೆಟ್ಟು ಚೆನ್ನಾಗಿದ್ದರೂ ಅದನ್ನು ಓದುವ ಯಂತ್ರಗಳು ದಿನೇ ದಿನೇ ಕಡಿಮೆಯಾಗುತ್ತಿವೆ.

ಟೇಪಿನಲ್ಲಿರುವುದನ್ನು ತಟ್ಟೆಗೆ ಇಳಿಸಲು ಮನೆಬಳಕೆಗೆಂದು ಬಂದ ಉಪಕರಣವೇ ಡಿವಿಡಿ ರೆಕಾರ್ಡರ್. ಅದೂ ಈಗ ಅಂಗಡಿಗಳಲ್ಲಿ ಅಪರೂಪ. ಆದರೆ ಅದರೊಳಗೆ ನಡೆಯುವ ಕೆಲಸ ಹಳತಾಗಿಲ್ಲ. ನಿಮ್ಮ ಮೊಬೈಲಿನ ವಿಡಿಯೋ ಕೂಡ ಮೂಲತಃ ಅದೇ ತತ್ತ್ವದ ಮೇಲೆ ನಡೆಯುತ್ತದೆ. ಪಿಯುಸಿ ಮಟ್ಟದ ಗಣಿತ, ಭೌತಶಾಸ್ತ್ರಗಳಿಂದಲೇ ಅದನ್ನು ಬಹುಮಟ್ಟಿಗೆ ಅರ್ಥಮಾಡಿಕೊಳ್ಳಬಹುದು. ಹೇಗೆಂದು ನೋಡೋಣ.

ವಿಸಿಆರ್‌ನಿಂದ ಹಳದಿ ತಂತಿಯ ಮೂಲಕ ರೆಕಾರ್ಡರಿಗೆ ಬರುವುದು ಒಂದೇ ಒಂದು ವೋಲ್ಟೇಜು. ಅದು ಕಾಲದೊಂದಿಗೆ ಏರಿಳಿಯುತ್ತದೆ. ನಮ್ಮ ದೇಶ ಅಳವಡಿಸಿಕೊಂಡ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಗೆರೆಗಳಲ್ಲಿ 576 ಮಾತ್ರ ದೃಶ್ಯವನ್ನು ಹೊತ್ತಿರುತ್ತವೆ. ಹೊಳಪಿನ ಮಾಹಿತಿಯ ಮೇಲೆ ಬಣ್ಣದ ಮಾಹಿತಿ ಸುಮಾರು 4.43 ಮೆಗಾಹರ್ಟ್ಸ್ ಆವೃತ್ತಿಯ ಉಪವಾಹಕದಲ್ಲಿ ಸವಾರಿ ಮಾಡಿಕೊಂಡು ಬರುತ್ತದೆ. ರೆಕಾರ್ಡರಿನ ಮೊದಲ ಕೆಲಸ ಇವೆರಡನ್ನೂ ಬೇರ್ಪಡಿಸುವುದು. ಹಳೆಯ ಟೇಪು ಹಿಗ್ಗಿ ಕುಗ್ಗಿರುವುದರಿಂದ ಗೆರೆಗಳು ಒಂದೇ ಸಮನಾದ ಅಂತರದಲ್ಲಿ ಬರುವುದಿಲ್ಲ. ಚಿತ್ರದಲ್ಲಿ ನೆಟ್ಟಗಿರಬೇಕಾದ ಕಂಬ ಹಾವಿನಂತೆ ಬಳುಕುವುದನ್ನು ನೀವು ಕಂಡಿರಬಹುದು. ಒಳ್ಳೆಯ ರೆಕಾರ್ಡರು ಪ್ರತಿ ಗೆರೆಯನ್ನೂ ಸ್ಮೃತಿಯಲ್ಲಿ ಕ್ಷಣಕಾಲ ಹಿಡಿದಿಟ್ಟು, ತನ್ನದೇ ಗಡಿಯಾರದ ಲಯಕ್ಕೆ ಬಿಡುಗಡೆ ಮಾಡುತ್ತದೆ. ಕಂಬ ಮತ್ತೆ ನೆಟ್ಟಗಾಗುತ್ತದೆ.

ಮುಂದಿನದು ಅಂಕೀಕರಣ. ಹೊಳಪಿನ ಸಂಕೇತವನ್ನು ಸೆಕೆಂಡಿಗೆ 1 ಕೋಟಿ 35 ಲಕ್ಷ ಬಾರಿ ಅಳೆಯಲಾಗುತ್ತದೆ. ಬಣ್ಣಕ್ಕೆ ಸಂಬಂಧಿಸಿದ ಎರಡು ಸಂಕೇತಗಳನ್ನು ಅದರ ಅರ್ಧದಷ್ಟು ಬಾರಿ ಅಳೆದರೆ ಸಾಕು, ಏಕೆಂದರೆ ನಮ್ಮ ಕಣ್ಣು ಬಣ್ಣದ ಸೂಕ್ಷ್ಮ ವಿವರಗಳಿಗೆ ಅಷ್ಟು ಚುರುಕಲ್ಲ. ಪ್ರತಿ ಅಳತೆಗೂ 8 ಬಿಟ್. ಒಂದು ಚಿತ್ರದಲ್ಲಿ 720 x 576 ಬಿಂದುಗಳು, ಬಿಂದುವಿಗೆ ಸರಾಸರಿ 16 ಬಿಟ್, ಸೆಕೆಂಡಿಗೆ 25 ಚಿತ್ರ. ಗುಣಿಸಿ ನೋಡಿ: ಸೆಕೆಂಡಿಗೆ ಸುಮಾರು 16.6 ಕೋಟಿ ಬಿಟ್.

ಈಗ ತೊಡಕು ಎದುರಾಗುತ್ತದೆ. ಒಂದು ಪದರದ ಡಿವಿಡಿಯ ಸಾಮರ್ಥ್ಯ 470 ಕೋಟಿ ಬೈಟು, ಅಂದರೆ 3,760 ಕೋಟಿ ಬಿಟ್. ಮೇಲಿನ ಲೆಕ್ಕದಲ್ಲಿ ತುಂಬಿದರೆ ನಾಲ್ಕು ನಿಮಿಷದೊಳಗೆ ತಟ್ಟೆ ಭರ್ತಿ! ತಾಳಿ ಕಟ್ಟುವ ಹೊತ್ತಿಗೇ ಮುಗಿದುಹೋಗುತ್ತದೆ. ಎರಡು ಗಂಟೆಯ ಮದುವೆ ಹಿಡಿಸಬೇಕಾದರೆ, ಧ್ವನಿಯೂ ಸೇರಿ, ಸೆಕೆಂಡಿಗೆ ಸುಮಾರು 52 ಲಕ್ಷ ಬಿಟ್ ಮಾತ್ರ ಬಳಸಬಹುದು. ಮೂವತ್ತು ಪಾಲಿನಲ್ಲಿ ಒಂದು ಪಾಲನ್ನು ಉಳಿಸಿಕೊಂಡು ಉಳಿದದ್ದನ್ನು ಕಣ್ಣಿಗೆ ತಿಳಿಯದಂತೆ ಎಸೆಯಬೇಕು. ರೆಕಾರ್ಡರಿನ ನಿಜವಾದ ಬುದ್ಧಿವಂತಿಕೆ ಇಲ್ಲಿದೆ. ಇದಕ್ಕೆ ಅನುಸರಿಸುವ ಮಾನಕದ ಹೆಸರು ಎಂಪೆಗ್-2.

ಮೊದಲು ಒಂದೇ ಚಿತ್ರವನ್ನು ತೆಗೆದುಕೊಳ್ಳೋಣ. ಅದನ್ನು ಎಂಟೆಂಟು ಬಿಂದುಗಳ ಚೌಕಗಳಾಗಿ ಒಡೆಯುತ್ತಾರೆ. ಬಳ್ಳಾರಿ ಗುಡ್ಡದ ಹಿಂದಿನ ಆಕಾಶದ ಒಂದು ಚೌಕದಲ್ಲಿ ಒಂದು ಸಾಲಿನ ಹೊಳಪು 100, 102, 104, 106, 108, 110, 112, 114 ಎಂದು ಇರಲಿ. ಈ ಎಂಟು ಸಂಖ್ಯೆಗಳನ್ನು ಬೇರೆ ಬೇರೆ ಆವೃತ್ತಿಗಳ ಎಂಟು ಕೊಸೈನ್ ಅಲೆಗಳ ಮೊತ್ತವಾಗಿ ಬರೆಯಬಹುದು. ಆಗ ಅಲೆಗಳ ಗುಣಾಂಕಗಳು 302.6, -12.9, 0, -1.3, 0, -0.4, 0, -0.1 ಎಂದು ಬರುತ್ತವೆ. ಎಂಟರಲ್ಲಿ ಆರು ಹೆಚ್ಚು ಕಡಿಮೆ ಸೊನ್ನೆ! ಪ್ರತಿಯೊಂದನ್ನೂ 8ರಿಂದ ಭಾಗಿಸಿ ಪೂರ್ಣಾಂಕಕ್ಕೆ ತನ್ನಿ: 38, -2, ಆಮೇಲೆ ಎಲ್ಲವೂ ಸೊನ್ನೆ. ಎರಡು ಸಂಖ್ಯೆಗಳನ್ನು ಬರೆದು 'ಉಳಿದವು ಸೊನ್ನೆ' ಎಂದು ಸೂಚಿಸಿದರೆ ಸಾಕು. ಇವೆರಡರಿಂದಲೇ ಹಿಂದಕ್ಕೆ ಲೆಕ್ಕ ಹಾಕಿದರೆ 100, 101, 103, 106, 109, 112, 114, 115 ಸಿಗುತ್ತವೆ. ಮೂಲಕ್ಕೂ ಇದಕ್ಕೂ ಇರುವ ವ್ಯತ್ಯಾಸ ಎಲ್ಲಿಯೂ 2ನ್ನು ಮೀರಿಲ್ಲ. ವೈಜ್ಞಾನಿಕ ಕ್ಯಾಲ್ಕುಲೇಟರ್ ಇದ್ದರೆ ತರಗತಿಯಲ್ಲೇ ಇದನ್ನು ಮಾಡಿಸಬಹುದು. ಅರ್ಧ ಗಂಟೆ ಹಿಡಿಯುತ್ತದೆ, ಆದರೆ ವಿದ್ಯಾರ್ಥಿಗಳು ಮರೆಯುವುದಿಲ್ಲ.

ಈ ಗಣಿತಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಸಂಕ್ಷೇಪವಾಗಿ ಡಿಸಿಟಿ ಎಂದು ಹೆಸರು. ಇದನ್ನು ರೂಪಿಸಿದವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹಮದ್. ಇಂದು ಯುವಿಸಿಇ ಎಂದು ಕರೆಯುವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದವರು. ಅಮೆರಿಕದ ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿದ್ದಾಗ, 1972ರಲ್ಲಿ, ಈ ಸಂಶೋಧನೆಗೆ ಅನುದಾನ ಕೇಳಿದರೆ ಸಿಗಲಿಲ್ಲ. ವಿಚಾರ ತೀರ ಸರಳವಾಯಿತು ಎಂಬುದು ಒಬ್ಬ ಪರಿಶೀಲಕರ ಆಕ್ಷೇಪವಾಗಿತ್ತೆಂದು ಅವರೇ 1991ರಲ್ಲಿ ಬರೆದಿದ್ದಾರೆ. ಅವರು ಕೆಲಸ ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರ ಜೊತೆ 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಮೊಬೈಲಿನಲ್ಲಿ ನೀವು ತೆಗೆಯುವ ಜೆಪೆಗ್ ಫೋಟೋದಲ್ಲಿರುವುದೂ ಇದೇ ಡಿಸಿಟಿ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಹೆಸರು ಕಾಣಬೇಕಿತ್ತು ಎಂದು ನನಗನಿಸುತ್ತದೆ.

ಇಷ್ಟರಿಂದಲೇ ಮೂವತ್ತನೇ ಒಂದು ಪಾಲಿಗೆ ಇಳಿಸಲಾಗದು. ಎರಡನೆಯ ಉಪಾಯ ಚಿತ್ರ ಚಿತ್ರಗಳ ನಡುವಿನ ಹೋಲಿಕೆ. ಕುರುಗೋಡಿನ ತೇರು ಪರದೆಯ ಮೇಲೆ ಎಡದಿಂದ ಬಲಕ್ಕೆ ಸಾಗುತ್ತಿದೆ ಎನ್ನಿ. ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದಲ್ಲಿ ತೇರು ಬದಲಾಗುವುದಿಲ್ಲ, ಜಾಗ ಮಾತ್ರ ಬದಲಾಗುತ್ತದೆ. ಆದ್ದರಿಂದ 'ಹಿಂದಿನ ಚಿತ್ರದ ಈ ತುಣುಕನ್ನು ಮೂರು ಬಿಂದು ಬಲಕ್ಕೆ ಸರಿಸು' ಎಂದು ಒಂದು ಸದಿಶವನ್ನು ಬರೆದರಾಯಿತು. ಊಹೆಗೂ ವಾಸ್ತವಕ್ಕೂ ಉಳಿಯುವ ಚಿಕ್ಕ ವ್ಯತ್ಯಾಸವನ್ನು ಮಾತ್ರ ಡಿಸಿಟಿಗೆ ಕೊಡುತ್ತಾರೆ. ಸಾಮಾನ್ಯವಾಗಿ ಹನ್ನೆರಡು ಚಿತ್ರಗಳಿಗೆ ಒಂದು ಪೂರ್ಣ ಚಿತ್ರ, ಉಳಿದವು ಹಿಂದಿನ ಇಲ್ಲವೆ ಹಿಂದು ಮುಂದಿನ ಎರಡೂ ಚಿತ್ರಗಳಿಂದ ಊಹಿಸಿದವು.

ಈ ಊಹೆ ಎಲ್ಲಿ ಸೋಲುತ್ತದೆ? ತೇರಿನತ್ತ ಭಕ್ತರು ಉತ್ತತ್ತಿ, ಬಾಳೆಹಣ್ಣು ತೂರಿದಾಗ! ನೂರಾರು ಚೂರುಗಳು ನೂರಾರು ದಿಕ್ಕಿಗೆ ಹಾರುತ್ತವೆ, ಯಾವ ಸದಿಶವೂ ಹೊಂದುವುದಿಲ್ಲ. ಸಿರುಗುಪ್ಪದ ಭತ್ತದ ಗದ್ದೆ ಗಾಳಿಗೆ ಓಲಾಡಿದರೂ ಇದೇ ಪಾಡು. ಬಿಟ್‌ಗಳು ಸಾಲದಾದಾಗ ಯಂತ್ರ ಮೇಲೆ ಹೇಳಿದ ಭಾಜಕವನ್ನು 8ರಿಂದ 16ಕ್ಕೆ, 30ಕ್ಕೆ ಏರಿಸುತ್ತದೆ. ಆಗ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಹಳೆಯ ಟೇಪಿನ ಮೇಲಿನ ಚುಕ್ಕೆ ಮಳೆ ಇದಕ್ಕಿಂತ ಕೆಟ್ಟದ್ದು. ಅದು ಗೊತ್ತುಗುರಿಯಿಲ್ಲದ ಗದ್ದಲವಾದುದರಿಂದ ಊಹೆಗೆ ಸಿಕ್ಕದು. ಯಂತ್ರಕ್ಕೋ ಗದ್ದಲ ಯಾವುದು, ಅಜ್ಜಿಯ ಮುಖದ ಸುಕ್ಕು ಯಾವುದು ಎಂಬ ಭೇದ ತಿಳಿಯದು. ಆದ್ದರಿಂದ ವಿಸಿಆರ್‌ನ ಹೆಡ್ ಸ್ವಚ್ಛಗೊಳಿಸದೆ ನಕಲು ಮಾಡಬೇಡಿ. ಒಂದು ತಟ್ಟೆಗೆ ಆರು ಗಂಟೆ ತುರುಕುವ ಆಸೆಯನ್ನೂ ಬಿಡಿ. ಆರು ಗಂಟೆಯಾದರೆ ಸೆಕೆಂಡಿಗೆ ಸಿಗುವುದು ಹದಿನೇಳು ಲಕ್ಷ ಬಿಟ್ ಮಾತ್ರ.

ಧ್ವನಿಯ ಕಥೆ ಚಿಕ್ಕದು. ಸೆಕೆಂಡಿಗೆ 48,000 ಬಾರಿ ಅಳೆದು, ಜೋರು ಶಬ್ದದ ನೆರಳಿನಲ್ಲಿ ಕಿವಿಗೆ ಕೇಳಿಸದ ಮೆಲುದನಿಗಳನ್ನು ಒರಟಾಗಿ ದಾಖಲಿಸಿ ಬಿಟ್ ಉಳಿಸುತ್ತಾರೆ.

ಹೀಗೆ ಸಿಕ್ಕ ಬಿಟ್‌ಗಳನ್ನು ನೇರವಾಗಿ ತಟ್ಟೆಗೆ ಬರೆಯುವಂತಿಲ್ಲ. ಗೀರು, ಧೂಳು ಇದ್ದೇ ಇರುತ್ತವೆ. ಶಿಕ್ಷಕರು ಅಂಕಪಟ್ಟಿಯಲ್ಲಿ ಅಡ್ಡ ಸಾಲಿನ ಮೊತ್ತ, ಉದ್ದ ಸಾಲಿನ ಮೊತ್ತ ಎರಡನ್ನೂ ಬರೆಯುತ್ತಾರಷ್ಟೆ. ಒಂದು ಅಂಕ ಅಳಿಸಿಹೋದರೂ ಮೊತ್ತದಿಂದ ಕಂಡುಹಿಡಿಯಬಹುದು. ಡಿವಿಡಿಯಲ್ಲಿ 172 ಬೈಟುಗಳ 192 ಸಾಲುಗಳನ್ನು ಜೋಡಿಸಿ, ಅಡ್ಡಕ್ಕೆ 10, ಉದ್ದಕ್ಕೆ 16 ಹೆಚ್ಚುವರಿ ಬೈಟುಗಳನ್ನು ಸೇರಿಸುತ್ತಾರೆ. ಇವು ಬರೀ ಮೊತ್ತಗಳಲ್ಲ, ರೀಡ್ ಮತ್ತು ಸೋಲೊಮನ್ ರೂಪಿಸಿದ ಬೀಜಗಣಿತದ ಸಂಕೇತಗಳು. ಹದಿನಾರು ಸಾಲುಗಳು ಪೂರ್ತಿ ಅಳಿಸಿದರೂ ಮರಳಿ ಪಡೆಯಬಹುದು. ಆಮೇಲೆ ಪ್ರತಿ 8 ಬಿಟ್‌ಗೆ ಬದಲು ಆಯ್ದ 16 ಬಿಟ್‌ಗಳನ್ನು ಬರೆಯುತ್ತಾರೆ. ಎರಡು 1ಗಳ ನಡುವೆ ಕನಿಷ್ಠ ಎರಡು, ಗರಿಷ್ಠ ಹತ್ತು ಸೊನ್ನೆಗಳು ಇರುವಂತೆ ಈ ಆಯ್ಕೆ. ಗುರುತುಗಳು ತೀರ ಚಿಕ್ಕದಾಗಲೂಬಾರದು, ಓದುವ ಗಡಿಯಾರ ಲಯ ತಪ್ಪುವಷ್ಟು ಉದ್ದವಾಗಲೂಬಾರದು.

ಬರೆಯುವ ಲೇಖನಿ 650 ನ್ಯಾನೊಮೀಟರ್ ತರಂಗದೂರದ ಕೆಂಪು ಲೇಸರ್. ಒಂದೇ ಸಲ ಬರೆಯಬಹುದಾದ ಡಿವಿಡಿಯಲ್ಲಿ ಸಾವಯವ ಬಣ್ಣದ ತೆಳು ಪದರವಿದೆ. ಓದುವಾಗಿನದಕ್ಕಿಂತ ಸುಮಾರು ಹತ್ತು ಪಟ್ಟು ಪ್ರಬಲವಾದ ಲೇಸರ್ ಮಿಡಿತ ಬಿದ್ದಲ್ಲಿ ಬಣ್ಣ ಕಾದು ವಿಘಟಿಸುತ್ತದೆ, ಅಲ್ಲಿ ಪ್ರತಿಫಲನ ಕುಗ್ಗುತ್ತದೆ. ಅಳಿಸಿ ಬರೆಯಬಹುದಾದ ಬಗೆಯಲ್ಲಿ ಬಣ್ಣದ ಬದಲು ಮಿಶ್ರಲೋಹವಿದ್ದು, ಅದು ಸ್ಫಟಿಕ ಮತ್ತು ಅಸ್ಫಟಿಕ ಸ್ಥಿತಿಗಳ ನಡುವೆ ಹೊರಳುತ್ತದೆ. ಸುರುಳಿಯ ಸುತ್ತುಗಳ ನಡುವಿನ ಅಂತರ 0.74 ಮೈಕ್ರೋಮೀಟರ್ ಮಾತ್ರ.

ಮರುಪ್ರದರ್ಶನದಲ್ಲಿ ಎಲ್ಲವೂ ಹಿಂದುಮುಂದು. ಮಂದ ಲೇಸರ್ ಗುರುತುಗಳ ಮೇಲೆ ಹಾಯುತ್ತದೆ. ಪ್ರತಿಫಲಿಸಿದ ಬೆಳಕು ನಾಲ್ಕು ಭಾಗಗಳ ದ್ಯುತಿಡಯೋಡಿನ ಮೇಲೆ ಬೀಳುತ್ತದೆ. ನಾಲ್ಕರ ಮೊತ್ತ ದತ್ತಾಂಶ. ಅವುಗಳ ನಡುವಿನ ವ್ಯತ್ಯಾಸ, ಮಸೂರ ಎಷ್ಟು ಏರಬೇಕು, ಎತ್ತ ಸರಿಯಬೇಕು ಎಂಬ ಆಜ್ಞೆ. ತಟ್ಟೆಯ ವೇಗ ಒಳಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 1,400 ಸುತ್ತು, ಅಂಚಿನಲ್ಲಿ 600ಕ್ಕಿಂತ ಕಡಿಮೆ. ರೇಖೀಯ ವೇಗ ಸ್ಥಿರವಾಗಿರಬೇಕಲ್ಲ! ಬಳಿಕ ದೋಷ ತಿದ್ದುವಿಕೆ, ಸದಿಶಗಳ ಪ್ರಕಾರ ತುಣುಕುಗಳ ಮರುಜೋಡಣೆ, ಕೊಸೈನ್ ಅಲೆಗಳ ಸಂಕಲನ, ಕೊನೆಗೆ ಮತ್ತೆ ವೋಲ್ಟೇಜು. ಇಲ್ಲಿ ಊಹೆಯ ಮಾತಿಲ್ಲ. ಎಂಪೆಗ್ ಮಾನಕ ಓದುವ ಕ್ರಮವನ್ನು ಕಟ್ಟುನಿಟ್ಟಾಗಿ ವಿಧಿಸಿ, ಬರೆಯುವ ಜಾಣತನವನ್ನು ತಯಾರಕರಿಗೇ ಬಿಟ್ಟಿದೆ. ಒಂದೇ ಕ್ಯಾಸೆಟ್ಟು ಎರಡು ರೆಕಾರ್ಡರುಗಳಲ್ಲಿ ಎರಡು ಬಗೆಯಾಗಿ ಮೂಡಲು ಇದೇ ಕಾರಣ.

ರೆಕಾರ್ಡಿಂಗ್ ಮುಗಿದ ಮೇಲೆ 'ಫೈನಲೈಸ್' ಎಂಬ ಗುಂಡಿಯನ್ನು ಒತ್ತಬೇಕು. ಯಾವ ಭಾಗ ಎಲ್ಲಿದೆ ಎಂಬ ಪರಿವಿಡಿ ತಟ್ಟೆಗೆ ಬೀಳುವುದು ಆಗಲೇ. ಒತ್ತದೆ ಬಿಟ್ಟ, ಇಲ್ಲವೆ ಅದೇ ಹೊತ್ತಿಗೆ ಕರೆಂಟು ಹೋದ ತಟ್ಟೆ ಬೇರೆ ಪ್ಲೇಯರಿನಲ್ಲಿ ಖಾಲಿಯಂತೆ ತೋರುತ್ತದೆ. ಅದನ್ನು ಎಸೆಯಬೇಡಿ. ಚಿತ್ರ ಬಣ್ಣದ ಪದರದಲ್ಲೇ ಇದೆ. ಬರೆದ ರೆಕಾರ್ಡರ್ ಕೆಲಸ ಮಾಡುತ್ತಿದ್ದರೆ ಅದರಲ್ಲೇ ಫೈನಲೈಸ್ ಮಾಡಿ. ಅದು ಕೆಟ್ಟಿದ್ದರೆ ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿಟ್ಟು, ಪರಿವಿಡಿಯ ಹಂಗಿಲ್ಲದೆ ಖಂಡ ಖಂಡವಾಗಿ ಓದುವ ತಂತ್ರಾಂಶದಿಂದ ಅನೇಕ ವೇಳೆ ಹೊರತೆಗೆಯಬಹುದು. ಫೈನಲೈಸ್ ಆದ ತಟ್ಟೆಗಳನ್ನೂ ನಂಬಿ ಕೂರುವಂತಿಲ್ಲ. ಸಾವಯವ ಬಣ್ಣ ಬೆಳಕಿಗೆ, ಬಿಸಿಗೆ ನಿಧಾನವಾಗಿ ಮಾಸುತ್ತದೆ, ಬಳ್ಳಾರಿಯ ಬೇಸಿಗೆಯೋ 40 ಡಿಗ್ರಿ ದಾಟುವಂಥದ್ದು. ಅದರಲ್ಲಿರುವ ಕಡತಗಳನ್ನು ಹಾರ್ಡ್ ಡಿಸ್ಕಿಗೆ ಇದ್ದಂತೆಯೇ ನಕಲಿಸಿ, ಬೇರೆ ರೂಪಕ್ಕೆ ಪರಿವರ್ತಿಸಬೇಡಿ. ಪ್ರತಿ ಪರಿವರ್ತನೆಯಲ್ಲೂ ಗುಣಾಂಕಗಳು ಇನ್ನೊಮ್ಮೆ ಭಾಗಾಕಾರಕ್ಕೆ ಒಳಗಾಗುತ್ತವೆ, ಕಳೆದ ಶೇಷ ಮರಳಿ ಬಾರದು.